ನೋವಿನ ಮಾತ್ರೆ ನುಂಗುವವರು ಜಠರದ ಗೋಡೆ ಕಾಯ್ದುಕೊಳ್ಳುವ ಬಗೆ

ಭಾನುವಾರ ಬೋಟಿ ಸಾರು ಉಂಡರೆ ಅದರಲ್ಲಿದ್ದ ಕುರಿಯ ಜಠರ, ಕರುಳು ನಾಲ್ಕೈದು ಗಂಟೆಯಲ್ಲಿ ನಮ್ಮ ಹೊಟ್ಟೆಯೊಳಗೆ ನುರಿದು ಮುಂದಕ್ಕೆ ಸಾಗಿರುತ್ತವೆ. ಅರಗಿಸಿದ್ದೂ ಜಠರವೇ, ಅರಗಿದ್ದೂ ಜಠರವೇ. ಒಂದು ಕರಗಿತು, ಇನ್ನೊಂದು ಉಳಿಯಿತು. ಯಾಕೆಂದರೆ ಸಾರಿನಲ್ಲಿದ್ದದ್ದು ಸತ್ತದ್ದು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1772ರಲ್ಲೇ ಇದನ್ನು ದಾಖಲಿಸಿದ್ದ: ಸತ್ತವರ ದೇಹ ಕೊಯ್ದಾಗ ಕೆಲವರ ಜಠರ ತನ್ನ ರಸದಲ್ಲಿ ತಾನೇ ಕರಗಿ ತೂತಾಗಿರುತ್ತಿತ್ತು. ಅಂದಮೇಲೆ ಜಠರದ ರಕ್ಷಣೆ ಗೋಡೆಗೆ ಒಮ್ಮೆ ಬಳಿದು ಮರೆಯುವ ಬಣ್ಣವಲ್ಲ. ರಕ್ತ ಹರಿಯುವಷ್ಟು ಹೊತ್ತು, ಜೀವಕೋಶಗಳು ದುಡಿಯುವಷ್ಟು ಹೊತ್ತು ಮಾತ್ರ ಅದು ನಿಲ್ಲುತ್ತದೆ.

ದುಡಿಮೆಗೆ ಅಡ್ಡಿ ಬಂದ ಜಾಗದಲ್ಲಿ ಹುಣ್ಣು. ಅಡ್ಡಿ ತರುವವರಲ್ಲಿ ದೊಡ್ಡವರು ಇಬ್ಬರು: ನೋವಿನ ಮಾತ್ರೆ ಮತ್ತು ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ. ಖಾರ, ಹುಳಿ, ಟೆನ್ಷನ್ನಿಗೆ ಬೈಯುವುದು ಆಮೇಲೆ.

ಗೋಡೆ ಹೇಗೆ ನಿಂತಿದೆ

ಜಠರ ದಿನಕ್ಕೆ ಒಂದೂವರೆ–ಎರಡು ಲೀಟರ್ ರಸ ಸುರಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ಅದರ ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು, 7 ಅಂದರೆ ತಟಸ್ಥ) 1.5ರಿಂದ 2ರ ಆಸುಪಾಸು, ಅಂದರೆ ನಿಂಬೆರಸದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಹುಳಿ. ಅದರೊಳಗೆ ಮಾಂಸ ಕತ್ತರಿಸುವ ಪೆಪ್ಸಿನ್ ಎಂಬ ಕಿಣ್ವ ಬೇರೆ.

ಈ ರಸಕ್ಕೂ ಜೀವಕೋಶಕ್ಕೂ ನಡುವೆ ಒಂದು ಲೋಳೆ ಪದರ ಇದೆ. ಬೆಂಡೆಕಾಯಿ ಹೆಚ್ಚಿದಾಗ ಈಳಿಗೆಗೆ ಅಂಟುವ ಲೋಳೆ ನೆನೆಸಿಕೊಳ್ಳಿ. ಬಹುಪಾಲು ನೀರೇ, ಆದರೂ ಸುಲಭಕ್ಕೆ ಹರಿದುಹೋಗದ ನೀರು. ಇದರ ದಪ್ಪ ಮಿಲಿಮೀಟರಿನ ಕಾಲು ಭಾಗದಷ್ಟು. ಇಷ್ಟು ತೆಳು ಲೋಳೆ ಒಂದೇ ಆಗಿದ್ದರೆ ಆಮ್ಲ ನಿಧಾನವಾಗಿ ಇಳಿದೇ ಇಳಿಯುತ್ತಿತ್ತು. ಇಳಿಯದಿರುವುದಕ್ಕೆ ಕಾರಣ, ಕೆಳಗಿನ ಜೀವಕೋಶಗಳು ಅದರೊಳಗೆ ಬೈಕಾರ್ಬನೇಟ್ ಬಿಡುತ್ತಲೇ ಇರುತ್ತವೆ. ಅಡುಗೆ ಸೋಡಾದಲ್ಲಿರುವ ಕ್ಷಾರವೇ ಅದು. ಮೇಲಿಂದ ಇಳಿಯುವ ಆಮ್ಲ, ಕೆಳಗಿಂದ ಏರುವ ಕ್ಷಾರ ಲೋಳೆಯೊಳಗೇ ಎದುರುಬದುರಾಗಿ ತಟಸ್ಥವಾಗುತ್ತವೆ. ಹಾಗಾಗಿ ಕೂದಲೆಳೆ ಎರಡು ಮೂರು ಸೇರಿಸಿಟ್ಟಷ್ಟು ದಪ್ಪದಲ್ಲೇ ಪಿಎಚ್ 2ರಿಂದ 7ರ ಹತ್ತಿರಕ್ಕೆ ಏರಿಬಿಡುತ್ತದೆ. ಪೆಪ್ಸಿನ್ ದೊಡ್ಡ ಅಣು, ಲೋಳೆಯೊಳಗೆ ನುಗ್ಗಲಾರದು; ಮೇಲ್ಮೈಯನ್ನು ಕೆರೆಯುತ್ತದೆ, ಕೆರೆದಷ್ಟನ್ನು ಕೆಳಗಿನಿಂದ ಹೊಸ ಲೋಳೆ ತುಂಬುತ್ತದೆ.

ಇನ್ನೊಂದು ಚೆಂದದ ಏರ್ಪಾಡಿದೆ. ಆಮ್ಲ ಮಾಡುವ ಜೀವಕೋಶ ಒಂದು ಪಾಲು ಆಮ್ಲವನ್ನು ಜಠರದೊಳಕ್ಕೆ ತಳ್ಳಿದರೆ, ಅಷ್ಟೇ ಪಾಲು ಬೈಕಾರ್ಬನೇಟನ್ನು ಹಿಂದಿನ ರಕ್ತಕ್ಕೆ ಬಿಡುತ್ತದೆ. ಆ ರಕ್ತ ಸಣ್ಣ ನಾಳಗಳಲ್ಲಿ ಮೇಲೇರಿ ಮೇಲ್ಮೈ ಜೀವಕೋಶಗಳನ್ನು ಹಾದುಹೋಗುತ್ತದೆ. ಆಮ್ಲ ಹೆಚ್ಚಾದ ಹೊತ್ತಿನಲ್ಲೇ ರಕ್ಷಣೆಯ ಸರಕೂ ಹೆಚ್ಚು ಬರುತ್ತದೆ. ರಕ್ತದ ಹರಿವು ಕುಸಿದರೆ ಈ ಸರಬರಾಜು ನಿಲ್ಲುತ್ತದೆ. ದೊಡ್ಡ ಸುಟ್ಟಗಾಯ, ತಲೆಗೆ ಬಿದ್ದ ಭಾರಿ ಪೆಟ್ಟು, ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವ ಸ್ಥಿತಿ, ಇವುಗಳಲ್ಲಿ ಜಠರದಲ್ಲಿ ಹುಣ್ಣು ಏಳುವುದು ಬಹುಮಟ್ಟಿಗೆ ಹೀಗೆ. ‘ಟೆನ್ಷನ್‌ನಿಂದ ಅಲ್ಸರ್’ ಎನ್ನುವ ಮಾತಿಗೆ ಗಟ್ಟಿ ಆಧಾರ ಇರುವುದು ಇಂಥ ಕಡೆ. ಆಫೀಸಿನ ಕಿರಿಕಿರಿಯ ಪಾಲು ಅದರ ಮುಂದೆ ಸಣ್ಣದು.

ಲೋಳೆಯ ಕೆಳಗಿನ ಜೀವಕೋಶಗಳು ಒತ್ತೊತ್ತಾಗಿ ಹೆಣೆದುಕೊಂಡಿವೆ. ಮೂರರಿಂದ ಐದು ದಿನಕ್ಕೊಮ್ಮೆ ಇಡೀ ಮೇಲ್ಮೈ ಹೊಸದಾಗುತ್ತದೆ. ಸಣ್ಣ ತರಚು ಆದರೆ ಹೊಸ ಕೋಶ ಹುಟ್ಟುವವರೆಗೂ ಕಾಯುವುದಿಲ್ಲ. ಅಕ್ಕಪಕ್ಕದ ಕೋಶಗಳೇ ಚಪ್ಪಟೆಯಾಗಿ ಸರಿದು ಬಂದು ನಿಮಿಷಗಳಲ್ಲಿ, ಹೆಚ್ಚೆಂದರೆ ಕೆಲವು ಗಂಟೆಗಳಲ್ಲಿ ಜಾಗ ಮುಚ್ಚುತ್ತವೆ.

ಲೋಳೆ, ಕ್ಷಾರ, ರಕ್ತದ ಹರಿವು, ದುರಸ್ತಿ, ಇಷ್ಟಕ್ಕೂ ಒಬ್ಬ ಮೇಸ್ತ್ರಿ ಇದ್ದಾನೆ: ದೇಹ ತಾನೇ ಮಾಡಿಕೊಳ್ಳುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ಮುಂದಿನ ಮಾತೆಲ್ಲ ಈ ಮೇಸ್ತ್ರಿಯ ಸುತ್ತ.

ನೋವಿನ ಮಾತ್ರೆ ಕೆಡಿಸುವುದು ಎಲ್ಲಿ

ಬ್ರಿಟನ್ನಿನ ಔಷಧ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದ್ದು ಇದು: ಆಸ್ಪಿರಿನ್ ಬಗೆಯ ಮದ್ದುಗಳು ನೋವು, ಊತ ತಗ್ಗಿಸುವುದು ಪ್ರೊಸ್ಟಗ್ಲಾಂಡಿನ್ ತಯಾರಿಯನ್ನು ನಿಲ್ಲಿಸಿ. 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು. ಮಂಡಿಯಲ್ಲಿ ಊತ ತರುವುದೂ ಪ್ರೊಸ್ಟಗ್ಲಾಂಡಿನ್, ಜಠರದ ಗೋಡೆ ಕಾಯುವುದೂ ಪ್ರೊಸ್ಟಗ್ಲಾಂಡಿನ್. ಮಾತ್ರೆಗೆ ಮಂಡಿ ಯಾವುದು, ಹೊಟ್ಟೆ ಯಾವುದು ಗೊತ್ತಾಗುವುದಿಲ್ಲ.

ಇದೊಂದು ತಿಳಿದರೆ ಮೂರು ತಪ್ಪು ನಂಬಿಕೆ ತಾವಾಗಿಯೇ ಬಿದ್ದುಹೋಗುತ್ತವೆ. ‘ಊಟ ಮಾಡಿ ನುಂಗಿದರೆ ಏನೂ ಆಗಲ್ಲ’ ಎನ್ನುವುದು ಮೊದಲನೆಯದು. ಊಟದಿಂದ ಉರಿ ಕಡಿಮೆಯಾಗಬಹುದು, ಹುಣ್ಣು ತಪ್ಪುವುದಿಲ್ಲ. ‘ಇಂಜೆಕ್ಷನ್ ಆದರೆ ಹೊಟ್ಟೆಗೆ ಹೋಗಲ್ಲ’ ಎನ್ನುವುದು ಎರಡನೆಯದು. ಸೊಂಟಕ್ಕೆ ಚುಚ್ಚಿದ ಡೈಕ್ಲೋಫೆನಾಕ್ ರಕ್ತದ ಮೂಲಕ ಜಠರಕ್ಕೆ ಬಂದೇ ಬರುತ್ತದೆ. ‘ಕೋಟಿಂಗ್ ಇರುವ ಆಸ್ಪಿರಿನ್ ಸುರಕ್ಷಿತ’ ಎನ್ನುವುದು ಮೂರನೆಯದು. ಕೋಟಿಂಗ್ ತಡೆಯುವುದು ಮಾತ್ರೆ ಗೋಡೆಗೆ ನೇರವಾಗಿ ತಾಗುವುದನ್ನು ಮಾತ್ರ. ಮೇಸ್ತ್ರಿಯನ್ನು ರಕ್ತದ ದಾರಿಯಿಂದ ಮನೆಗೆ ಕಳಿಸುವುದನ್ನು ಅದು ತಡೆಯದು.

ಮೊದಲ ಕೆಲಸ: ಸ್ಟ್ರಿಪ್ ತಿರುಗಿಸಿ ಓದಿ

ಮುಂಭಾಗದ ದೊಡ್ಡ ಹೆಸರು ಬಿಡಿ, ಹಿಂಭಾಗದ ಸಣ್ಣ ಅಕ್ಷರ ನೋಡಿ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್, ನ್ಯಾಪ್ರೊಕ್ಸೆನ್, ಕೀಟೊರೊಲಾಕ್, ಪಿರಾಕ್ಸಿಕಾಂ, ನಿಮೆಸುಲೈಡ್, ಮುಟ್ಟಿನ ಹೊಟ್ಟೆನೋವಿಗೆ ಕೊಡುವ ಮೆಫೆನಾಮಿಕ್ ಆ್ಯಸಿಡ್, ಇವೆಲ್ಲ ಒಂದೇ ಕುಲ. ಹೆಸರಿನ ಬಾಲದಲ್ಲಿ ‘ಪಿ’ ಅಥವಾ ‘ಎಸ್‌ಪಿ’ ಇರುವ ಎಷ್ಟೋ ಮಾತ್ರೆಗಳಲ್ಲಿ ಅಸಿಕ್ಲೋಫೆನಾಕ್ 100 ಮಿ.ಗ್ರಾಂ. ಜೊತೆ ಪ್ಯಾರಾಸಿಟಮಾಲ್ 325 ಮಿ.ಗ್ರಾಂ. ಇರುತ್ತದೆ. ಹಲ್ಲಿನ ಡಾಕ್ಟರು ಬರೆದದ್ದು ಒಂದು, ಮೂಳೆ ಡಾಕ್ಟರು ಬರೆದದ್ದು ಇನ್ನೊಂದು, ಮೆಡಿಕಲ್ ಶಾಪಿನಲ್ಲಿ ‘ಮೈಕೈ ನೋವಿಗೆ ಕೊಡಿ’ ಅಂತ ತಂದದ್ದು ಮತ್ತೊಂದು. ಮೂರೂ ಒಂದೇ ಕುಲದವಾಗಿದ್ದರೆ ನೋವು ಮೂರು ಪಟ್ಟು ಇಳಿಯುವುದಿಲ್ಲ, ಹುಣ್ಣಿನ ಅಪಾಯ ಮಾತ್ರ ಏರುತ್ತದೆ. ಒಂದು ಹೊತ್ತಿಗೆ ಈ ಕುಲದ ಮಾತ್ರೆ ಒಂದೇ ಇರಲಿ. ಕೀಟೊರೊಲಾಕ್ ಜೋರು ಮದ್ದು, ಐದು ದಿನ ದಾಟಿಸಬಾರದು.

ಹೆಸರಿಲ್ಲದ ಪೊಟ್ಟಣದಲ್ಲಿ ‘ಮಂಡಿ ನೋವಿಗೆ ಗಿಡಮೂಲಿಕೆ’ ಎಂದು ಸಿಗುವ ಪುಡಿ, ಗುಳಿಗೆ ಬೇಡವೇ ಬೇಡ. ಎರಡೇ ದಿನಕ್ಕೆ ನೋವು ಮಾಯವಾಯಿತು ಎಂದರೆ ಸಂತೋಷಪಡುವ ಬದಲು ಸಂಶಯಪಡಿ. ಇಂಥವುಗಳಲ್ಲಿ ಸ್ಟಿರಾಯ್ಡ್, ಡೈಕ್ಲೋಫೆನಾಕ್ ಬೆರೆಸಿದ್ದು ಪತ್ತೆಯಾಗಿರುವುದು ಹೊಸ ಸಂಗತಿಯೇನಲ್ಲ.

ಪ್ಯಾರಾಸಿಟಮಾಲ್ ಈ ಕುಲದ್ದಲ್ಲ. ಎಲ್ಲರ ಬಾಯಲ್ಲಿರುವ ‘ಡೋಲೋ 650’ ಅದೇ. ಜಠರದ ಮೇಸ್ತ್ರಿಯನ್ನು ಅದು ಹೆಚ್ಚು ಮುಟ್ಟುವುದಿಲ್ಲ, ಊತ ಇಲ್ಲದ ನೋವಿಗೆ ಅದನ್ನೇ ಮೊದಲು ನೋಡಿ. ಆರು ಗಂಟೆಗೊಂದರಂತೆ ನಾಲ್ಕು ಮಾತ್ರೆ ಅಂದರೆ 2.6 ಗ್ರಾಂ, ಡಾಕ್ಟರನ್ನು ಕೇಳದೆ 3 ಗ್ರಾಂ ದಾಟಬೇಡಿ, ಕುಡಿತ ಇದ್ದರೆ ಇನ್ನೂ ಕೆಳಗೇ ನಿಲ್ಲಿ. ಅತಿಯಾದರೆ ಅದು ಹೊಡೆಯುವುದು ಲಿವರನ್ನು. ‘ಪಿ’ ಮಾತ್ರೆಯಲ್ಲಿರುವ 325 ಕೂಡ ಈ ಲೆಕ್ಕಕ್ಕೇ ಸೇರಬೇಕು. ಒಂದೇ ಮಂಡಿ, ಒಂದೇ ಬೆರಳಿನ ನೋವಾದರೆ ಡೈಕ್ಲೋಫೆನಾಕ್ ಜೆಲ್ ಹಚ್ಚಿ. ಚರ್ಮದ ಮೂಲಕ ರಕ್ತಕ್ಕೆ ಸೇರುವುದು ಮಾತ್ರೆಗಿಂತ ಬಹಳ ಕಡಿಮೆ.

ಯಾರಿಗೆ ಕಾವಲು ಬೇಕು

ಇಪ್ಪತ್ತೈದು ವರ್ಷದ ಆರೋಗ್ಯವಂತ ಕಾಲು ಉಳುಕಿ ಮೂರು ದಿನ ಮಾತ್ರೆ ನುಂಗಿದರೆ ಜೊತೆಗೆ ಗ್ಯಾಸ್ ಮಾತ್ರೆಯ, ಅಂದರೆ ಆಮ್ಲ ತಗ್ಗಿಸುವ ಮಾತ್ರೆಯ ಅಗತ್ಯ ಸಾಮಾನ್ಯವಾಗಿ ಇಲ್ಲ. ನಮ್ಮಲ್ಲಿ ನೆಗಡಿಯ ಚೀಟಿಯಲ್ಲೂ ಒಂದು ಗ್ಯಾಸ್ ಮಾತ್ರೆ ಇದ್ದೇ ಇರುತ್ತದೆ. ಅದು ಅಭ್ಯಾಸ, ಚಿಕಿತ್ಸೆಯಲ್ಲ. ಬೇಕಾದವರು ಬೇರೆ ಇದ್ದಾರೆ. ವಯಸ್ಸು 65 ದಾಟಿದವರು. ಹಿಂದೆ ಹುಣ್ಣು ಆಗಿದ್ದವರು, ಅದರಲ್ಲೂ ರಕ್ತ ಸೋರಿದ್ದವರು. ಹೃದಯಕ್ಕೆ ಆಸ್ಪಿರಿನ್ 75 ಮಿ.ಗ್ರಾಂ. ತೆಗೆದುಕೊಳ್ಳುತ್ತಲೇ ನೋವಿನ ಮಾತ್ರೆಯನ್ನೂ ನುಂಗುವವರು. ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮದ್ದು ಅಥವಾ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಇರುವವರು. ಖಿನ್ನತೆಗೆ ಕೊಡುವ ಎಸಿಟಾಲೊಪ್ರಾಂ, ಸರ್ಟ್ರಲೀನ್ ಜೊತೆ ನೋವಿನ ಮಾತ್ರೆ ಸೇರಿದಾಗಲೂ ರಕ್ತ ಸೋರುವ ಸಂಭವ ಏರುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಇವುಗಳಲ್ಲಿ ಒಂದಿದ್ದರೂ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಎರಡಿದ್ದರೆ ನೋವಿನ ಮಾತ್ರೆಯೇ ಬೇಡವೇನೋ ಎಂದು ಕೇಳಿ.

ಸ್ಟೆಂಟ್ ಹಾಕಿಸಿಕೊಂಡವರು ಹೊಟ್ಟೆ ಉರಿಯಿತೆಂದು ಆಸ್ಪಿರಿನ್ ತಾವಾಗಿ ನಿಲ್ಲಿಸಬಾರದು. ಹುಣ್ಣಿಗೆ ಮದ್ದಿದೆ, ಮುಚ್ಚಿಹೋದ ಸ್ಟೆಂಟ್ ಜೀವಕ್ಕೇ ಬರುತ್ತದೆ. ಕ್ಲೊಪಿಡೊಗ್ರೆಲ್ ಇರುವವರು ಗ್ಯಾಸ್ ಮಾತ್ರೆಯಾಗಿ ಒಮೆಪ್ರಜೋಲ್, ಎಸೊಮೆಪ್ರಜೋಲ್ ಬಿಟ್ಟು ಪ್ಯಾಂಟೊಪ್ರಜೋಲ್ ಕೇಳಬೇಕು. ಮೊದಲೆರಡು ಕ್ಲೊಪಿಡೊಗ್ರೆಲ್‌ನ ಕೆಲಸ ಕುಗ್ಗಿಸುತ್ತವೆ. ಐಬುಪ್ರೊಫೇನ್ ಕೂಡ ಆಸ್ಪಿರಿನ್ನಿನ ಜಾಗ ಹಿಡಿದು ಕೂತು ಅದರ ಕೆಲಸಕ್ಕೆ ಅಡ್ಡಿಯಾಗುತ್ತದೆ. ಎರಡೂ ಬೇಕೇ ಬೇಕಾದರೆ, ಕೋಟಿಂಗ್ ಇಲ್ಲದ ಆಸ್ಪಿರಿನ್ ಮೊದಲು, ಕನಿಷ್ಠ ಅರ್ಧ ಗಂಟೆಯ ಮೇಲೆ ಐಬುಪ್ರೊಫೇನ್.

ಗ್ಯಾಸ್ ಮಾತ್ರೆ ನುಂಗುವ ಹೊತ್ತು

ಪ್ಯಾಂಟೊಪ್ರಜೋಲ್ 40, ಒಮೆಪ್ರಜೋಲ್ 20, ರಾಬೆಪ್ರಜೋಲ್ 20 ಮಿ.ಗ್ರಾಂ., ಯಾವುದಾದರೂ ಸರಿ. ತಪ್ಪುವುದು ಮದ್ದಿನಲ್ಲಲ್ಲ, ಹೊತ್ತಿನಲ್ಲಿ. ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು. ಕಾರಣ ಹೀಗೆ: ಈ ಮದ್ದು ಆಮ್ಲ ತಳ್ಳುವ ಪಂಪ್‌ಗಳಿಗೆ ಬೀಗ ಹಾಕುತ್ತದೆ, ಆದರೆ ತಿರುಗುತ್ತಿರುವ ಪಂಪ್‌ಗೆ ಮಾತ್ರ. ರಾತ್ರಿಯಿಡೀ ಖಾಲಿಯಿದ್ದ ಹೊಟ್ಟೆಗೆ ಇಡ್ಲಿ ಬಿದ್ದಾಗ ಮಲಗಿದ್ದ ಪಂಪ್‌ಗಳು ಒಟ್ಟಿಗೆ ಏಳುತ್ತವೆ. ಆ ಹೊತ್ತಿಗೆ ಮದ್ದು ರಕ್ತದಲ್ಲಿ ಕಾದು ನಿಂತಿರಬೇಕು. ರಕ್ತದಲ್ಲಿ ಅದು ಇರುವುದೇ ಒಂದೆರಡು ಗಂಟೆ. ಊಟವಾದ ಮೇಲೆ ನುಂಗಿದವರಿಗೆ ‘ಈ ಮಾತ್ರೆ ನನಗೆ ಹಿಡಿಯಲ್ಲ’ ಅನಿಸುವುದು ಅದಕ್ಕೇ. ಒಂದೇ ಗುಳಿಗೆಗೆ ಎಲ್ಲ ಪಂಪ್ ಸಿಗುವುದಿಲ್ಲ, ಪೂರ್ತಿ ಪರಿಣಾಮಕ್ಕೆ ಮೂರು ದಿನ ಬೇಕು. ಕುಟ್ಟಿ ಪುಡಿ ಮಾಡಬೇಡಿ: ಹೊರಗವಚ ಹೋದರೆ ಆಮ್ಲವೇ ಮದ್ದನ್ನು ಹಾಳುಮಾಡುತ್ತದೆ.

ಹುಣ್ಣು ಖಚಿತವಾಗಿದ್ದರೆ ಅವಧಿ ಸಾಮಾನ್ಯವಾಗಿ ಹೀಗಿರುತ್ತದೆ: ಸಣ್ಣಕರುಳಿನ ಮೊದಲ ತುಂಡಿನ, ಅಂದರೆ ಡುಯೋಡಿನಂನ ಹುಣ್ಣಿಗೆ 4 ವಾರ, ಜಠರದ ಹುಣ್ಣಿಗೆ 8 ವಾರ. ನೋವು ನಾಲ್ಕೇ ದಿನಕ್ಕೆ ಹೋಗುತ್ತದೆ, ಹುಣ್ಣು ಹೋಗಿರುವುದಿಲ್ಲ.

ಜೆಲುಸಿಲ್, ಡೈಜೀನ್‌ನಂಥ ಆಂಟಾಸಿಡ್ ಉರಿಯನ್ನು ಒಂದೆರಡು ಗಂಟೆ ಆರಿಸುತ್ತವೆ, ಅಷ್ಟೆ. ಸುಕ್ರಾಲ್ಫೇಟ್ ಬೇರೆ ಜಾತಿ. ಆಮ್ಲ ತಾಗಿದಾಗ ಅದು ಅಂಟಾಗಿ ಹುಣ್ಣಿನ ಮೇಲೆ ಕೂರುತ್ತದೆ. ಹಾಗಾಗಿ ಊಟಕ್ಕೆ ಒಂದು ಗಂಟೆ ಮೊದಲು, ಖಾಲಿ ಹೊಟ್ಟೆಗೆ. ಹಿಂದೆಮುಂದೆ ಅರ್ಧ ಗಂಟೆ ಆಂಟಾಸಿಡ್ ಬೇಡ. ಅದರ ಅಂಟು ಬೇರೆ ಮದ್ದುಗಳನ್ನೂ ಹಿಡಿದುಕೊಳ್ಳುತ್ತದೆ. ಸಿಪ್ರೊಫ್ಲಾಕ್ಸಾಸಿನ್‌ನಂಥ ಆ್ಯಂಟಿಬಯಾಟಿಕ್ಕುಗಳನ್ನು ಕನಿಷ್ಠ ಎರಡು ಗಂಟೆ ಮೊದಲೇ ನುಂಗಿ, ಥೈರಾಯ್ಡ್ ಮಾತ್ರೆಯನ್ನು ಇನ್ನೂ ದೂರ ಇಡಿ, ನಾಲ್ಕು ಗಂಟೆ.

ಲೋಳೆಯೊಳಗೇ ಮನೆ ಮಾಡಿದ ಜೀವಿ

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ 1982ರಲ್ಲಿ ಎಚ್. ಪೈಲೋರಿಯನ್ನು ಜಠರದ ಚೂರಿನಿಂದ ಬೆಳೆಸಿ ತೋರಿಸಿದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. ಇಬ್ಬರಿಗೂ 2005ರಲ್ಲಿ ನೊಬೆಲ್ ಬಂತು.

ಈ ಜೀವಿ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು ತನ್ನ ಸುತ್ತಲಿನ ಆಮ್ಲ ತಣಿಸುತ್ತದೆ. ಆ ಕ್ಷಾರಕ್ಕೆ ಗಟ್ಟಿ ಲೋಳೆ ತೆಳುವಾಗುತ್ತದೆ, ಅದರಲ್ಲಿ ಈಜಿ ಕೆಳಗಿನ ಪಿಎಚ್ 7ರ ತಂಪು ಜಾಗದಲ್ಲಿ ಬಿಡಾರ ಹೂಡುತ್ತದೆ. ನಮ್ಮ ರಕ್ಷಣೆಗೆಂದು ಇದ್ದ ಪದರವೇ ಅದಕ್ಕೂ ರಕ್ಷಣೆ. ಅಲ್ಲಿಂದ ಜೀವಕೋಶ ಕೆಡಿಸುತ್ತದೆ. ಎಷ್ಟೋ ಜನರಲ್ಲಿ ಆಮ್ಲ ಕಡಿಮೆ ಮಾಡು ಎನ್ನುವ ಹಾರ್ಮೋನನ್ನೂ ಕುಗ್ಗಿಸಿ ಆಮ್ಲ ಏರಿಸುತ್ತದೆ.

ಪರೀಕ್ಷೆಗೆ ಮೊದಲು ಗ್ಯಾಸ್ ಮಾತ್ರೆ 2 ವಾರ, ಆ್ಯಂಟಿಬಯಾಟಿಕ್ ಮತ್ತು ಬಿಸ್ಮತ್ (ಹೊಟ್ಟೆಯ ಮದ್ದಾಗಿ ಕೊಡುವ ಲೋಹದ ಲವಣ) 4 ವಾರ ನಿಂತಿರಬೇಕು. ನಿಲ್ಲಿಸದೆ ಮಾಡಿಸಿದರೆ ರೋಗ ಇದ್ದೂ ‘ನೆಗೆಟಿವ್’ ಬರುತ್ತದೆ. ದುಡ್ಡು ಹೋಗುವುದು ಹೆಚ್ಚಾಗಿ ಇಲ್ಲೇ. (ಹುಣ್ಣು ಸೋರುತ್ತಿರುವವರು, ಅಪಾಯ ಹೆಚ್ಚಿರುವವರು ಗ್ಯಾಸ್ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ಡಾಕ್ಟರನ್ನು ಕೇಳಬೇಕು.) ಉಸಿರಿನ ಪರೀಕ್ಷೆ ಮಾಡುವ ಕ್ರಮ ಹೀಗೆ: ಖಾಲಿ ಹೊಟ್ಟೆಯಲ್ಲಿ ಚೀಲಕ್ಕೆ ಒಮ್ಮೆ ಊದುತ್ತೀರಿ, ಗುರುತಿನ ಕಾರ್ಬನ್ ಇರುವ ಯೂರಿಯಾ ಕುಡಿಸುತ್ತಾರೆ, ಅರ್ಧ ಗಂಟೆಗೆ ಮತ್ತೊಮ್ಮೆ ಊದುತ್ತೀರಿ. ಜೀವಿ ಇದ್ದರೆ ಅದು ಯೂರಿಯಾ ಒಡೆದಿರುತ್ತದೆ, ಆ ಗುರುತಿನ ಕಾರ್ಬನ್ ಉಸಿರಲ್ಲಿ ಬರುತ್ತದೆ. ಮಲದಲ್ಲಿ ಜೀವಿಯ ಅಂಶವನ್ನೇ ಹುಡುಕುವ ಆಂಟಿಜೆನ್ ಪರೀಕ್ಷೆಯೂ ನಂಬಲರ್ಹ. ರಕ್ತದ ಆಂಟಿಬಾಡಿ ಪರೀಕ್ಷೆಗೆ ಒಪ್ಪಬೇಡಿ: ಹಳೆಯ ಸೋಂಕು ವಾಸಿಯಾಗಿದ್ದರೂ ಅದು ವರ್ಷಗಟ್ಟಲೆ ಪಾಸಿಟಿವ್ ತೋರಿಸಬಲ್ಲದು.

ಪಾಸಿಟಿವ್ ಬಂದರೆ ಚಿಕಿತ್ಸೆ 14 ದಿನ. ಭಾರತದಲ್ಲಿ ಆ್ಯಂಟಿಬಯಾಟಿಕ್ಕುಗಳಾದ ಕ್ಲಾರಿಥ್ರೊಮೈಸಿನ್, ಮೆಟ್ರೊನಿಡಜೋಲ್‌ಗೆ ಬಗ್ಗದ ತಳಿಗಳು ಹೆಚ್ಚು. ಅದಕ್ಕೇ ಒಂದೆರಡನ್ನೇ ನೆಚ್ಚದೆ ಗ್ಯಾಸ್ ಮಾತ್ರೆ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ನಾಲ್ಕನ್ನೂ ಕೂಡಿಸಿ ಕೊಡುವ ಕ್ರಮಕ್ಕೆ ಈಗ ಹೆಚ್ಚು ಒಲವು. ದಿನಕ್ಕೆ ಹತ್ತಕ್ಕೂ ಮೀರಿ ಗುಳಿಗೆಯಾಗುತ್ತದೆ. ಬಾಯಿ ಕಬ್ಬಿಣದ ರುಚಿ, ವಾಕರಿಕೆ ಸಾಮಾನ್ಯ. ಆರನೇ ದಿನಕ್ಕೆ ಬಿಟ್ಟುಬಿಟ್ಟವರಲ್ಲಿ ಉಳಿದ ಜೀವಿ ಮುಂದಿನ ಸಲ ಬಗ್ಗುವುದು ಕಷ್ಟ. ಟೆಟ್ರಾಸೈಕ್ಲಿನ್ ಜೊತೆ ಹಾಲು, ಕಬ್ಬಿಣದ ಮಾತ್ರೆ ಬೇಡ. ಬಸುರಿಯರಿಗೆ, ಚಿಕ್ಕಮಕ್ಕಳಿಗೆ ಅದು ಕೊಡುವಂಥದ್ದಲ್ಲ. ಮೆಟ್ರೊನಿಡಜೋಲ್ ಇರುವಷ್ಟು ದಿನ ಮದ್ಯ ಬೇಡ. ಬಿಸ್ಮತ್‌ನಿಂದ ಮಲ, ನಾಲಿಗೆ ಕಪ್ಪಾಗುತ್ತವೆ, ಗಾಬರಿ ಬೇಡ. ಮುಗಿದ ಮೇಲೆ ಕನಿಷ್ಠ 4 ವಾರ ಬಿಟ್ಟು ಮತ್ತೆ ಉಸಿರು ಅಥವಾ ಮಲದ ಪರೀಕ್ಷೆ ಮಾಡಿಸಿ. ಈ ಕೊನೆಯ ಹೆಜ್ಜೆಯನ್ನೇ ಎಲ್ಲರೂ ಮರೆಯುವುದು.

ಅಡುಗೆಮನೆಯ ಲೆಕ್ಕ

ಬ್ಯಾಡಗಿ ಮೆಣಸಿನಕಾಯಿ ಹುಣ್ಣು ಮಾಡುವುದಿಲ್ಲ. ಇರುವ ಹುಣ್ಣನ್ನು ಉರಿಸಬಹುದು, ಹಾಗಾದರೆ ವಾಸಿಯಾಗುವವರೆಗೆ ಕಡಿಮೆ ಮಾಡಿ. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೂ ಹುಣ್ಣು ಹುಟ್ಟುವುದಿಲ್ಲ. ಡುಯೋಡಿನಂನಲ್ಲಿ ಹುಣ್ಣು ಇದ್ದವರಿಗೆ ಊಟವಾಗಿ ಎರಡು ಮೂರು ಗಂಟೆಗೆ, ನಡುರಾತ್ರಿ ನೋವು ಏಳುತ್ತದೆ ಅಷ್ಟೆ. ಹಾಲು ಕುಡಿದರೆ ಅರ್ಧ ಗಂಟೆ ಹಾಯೆನಿಸಿ, ಅದರ ಪ್ರೊಟೀನು, ಕ್ಯಾಲ್ಸಿಯಂ ಮತ್ತೆ ಆಮ್ಲ ಸುರಿಸುತ್ತವೆ. ಬೀಡಿ, ಸಿಗರೇಟು ಬೇರೆ ಮಾತು: ಕ್ಷಾರದ ಸರಬರಾಜನ್ನೇ ತಗ್ಗಿಸಿ ಹುಣ್ಣು ಮಾಯುವುದನ್ನು ತಡಮಾಡುತ್ತವೆ.

ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವೆ, ಡುಯೋಡಿನಂನ ಹುಣ್ಣು ಅಕ್ಕಿ ಉಣ್ಣುವ ಸೀಮೆಗಳಲ್ಲಿ ಹೆಚ್ಚು, ಪಾಲಿಶ್ ಮಾಡದ ಗೋಧಿ, ಸಿರಿಧಾನ್ಯ ಉಣ್ಣುವ ಕಡೆ ಕಡಿಮೆ ಎಂದು ಗಮನಿಸಿದ್ದರು. ಮುಂದೆ ಅವರ ತಂಡ ಹುರುಳಿಯ ಕೊಬ್ಬಿನಂಶ ಇಲಿಗಳ ಜಠರ ಕಾಯುವುದನ್ನೂ ತೋರಿಸಿತು. ಹುರುಳಿ ಸಾರು ಉಣ್ಣಿ, ಚೆನ್ನಾಗಿರುತ್ತದೆ. ಆದರೆ ಅದು ಇಲಿಯ ಫಲಿತಾಂಶ, ಮಾತ್ರೆಗೆ ಬದಲಿ ಅಲ್ಲ.

ಕಾಯಬಾರದ ಲಕ್ಷಣ

ವಯಸ್ಸಾದವರಲ್ಲಿ ನೋವಿನ ಮಾತ್ರೆಯ ಹುಣ್ಣು ನೋಯದೆಯೇ ಇರಬಹುದು, ಆ ಮಾತ್ರೆಯೇ ನೋವನ್ನು ಮುಚ್ಚಿರುತ್ತದೆ. ಮೊದಲ ಸುಳಿವು ರಕ್ತವೇ. ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ಗಬ್ಬು ನಾರುವ ಮಲ. ಫಿಲ್ಟರಿನ ತಳದ ಕಾಫಿ ಚರಟದಂಥ ವಾಂತಿ. ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು, ತಲೆಸುತ್ತು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅಂಟು, ಆ ನಾತ ಇರುವುದಿಲ್ಲ. ಇದ್ದಕ್ಕಿದ್ದಂತೆ ಚೂರಿ ಇರಿದಂಥ ನೋವು ಬಂದು ಹೊಟ್ಟೆ ಹಲಗೆಯಂತೆ ಬಿಗಿದರೆ ಗೋಡೆ ತೂತಾಗಿರಬಹುದು: ನೀರೂ ಕೊಡದೆ ನೇರ ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ತೂಕ ಇಳಿಯುವುದು, ನುಂಗಲು ಕಷ್ಟವಾಗುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆನೋವು, ಇವಕ್ಕೆ ಎಂಡೊಸ್ಕೊಪಿ (ಬಾಯಿಯಿಂದ ಕ್ಯಾಮೆರಾ ನಳಿಕೆ ಇಳಿಸಿ ನೋಡುವುದು) ಬೇಕು. ಜಠರದ ಹುಣ್ಣಾದರೆ ಅಂಚಿನಿಂದ ಚೂರು ತೆಗೆದು ಪರೀಕ್ಷಿಸಬೇಕು. ಕ್ಯಾನ್ಸರ್ ಹುಣ್ಣಿನ ವೇಷದಲ್ಲೇ ಇರುವುದುಂಟು, ಗ್ಯಾಸ್ ಮಾತ್ರೆಗೆ ಅದೂ ಸ್ವಲ್ಪ ಮಾಯ್ದಂತೆ ನಟಿಸುತ್ತದೆ.

ಗ್ಯಾಸ್ ಮಾತ್ರೆ ಬಿಡುವಾಗ

ನೋವಿನ ಮಾತ್ರೆ ನಿಂತು, ಅವಧಿ ಮುಗಿದ ಮೇಲೆ ಗ್ಯಾಸ್ ಮಾತ್ರೆಯನ್ನೂ ಬಿಡಬಹುದು. ಎರಡು ತಿಂಗಳು ದಾಟಿ ತೆಗೆದುಕೊಂಡವರಿಗೆ ಬಿಟ್ಟ ಮೇಲೆ ಎರಡು ವಾರ ಮೊದಲಿಗಿಂತ ಜೋರು ಎದೆಯುರಿ, ಹುಳಿತೇಗು ಬರಬಹುದು. ಬೀಗ ತೆಗೆದ ಪಂಪ್‌ಗಳು ಒಮ್ಮೆಲೇ ಓಡುತ್ತವೆ. ರೋಗ ಮರಳಿತೆಂದು ಮತ್ತೆ ಶುರುಮಾಡಿ ವರ್ಷಗಟ್ಟಲೆ ನುಂಗುತ್ತಾ ಹೋಗುವವರು ಈ ಎರಡು ವಾರದಲ್ಲಿ ಸಿಕ್ಕಿಬಿದ್ದವರೇ. 40 ಇದ್ದದ್ದನ್ನು 20ಕ್ಕೆ ಇಳಿಸಿ ಎರಡು ವಾರ, ಆಮೇಲೆ ದಿನ ಬಿಟ್ಟು ದಿನ ಒಂದು ವಾರ, ನಡುವೆ ಉರಿ ಎದ್ದರೆ ಎರಡು ಚಮಚ ಆಂಟಾಸಿಡ್. ಹೀಗೆ ಇಳಿಸಿದರೆ ಬಹಳ ಮಂದಿಗೆ ಬಿಡುವುದು ಸಲೀಸಾಗುತ್ತದೆ. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮದ್ದು ಮುಂದುವರಿದಿದ್ದು, ಹಿಂದೆ ಹುಣ್ಣು ಸೋರಿದ್ದರೆ ಮಾತ್ರ ಬಿಡುವ ಮಾತೇ ಇಲ್ಲ. ಅಂಥವರ ಚೀಟಿಯಲ್ಲಿ ಪ್ಯಾಂಟೊಪ್ರಜೋಲ್ ಇರುವುದು ಗ್ಯಾಸಿಗಲ್ಲ, ಗೋಡೆಗೆ.